ಹಾಡುವ ಜಾಗಕ್ಕೊಂದು ಲೈಸೆನ್ಸ್

ಹರಿಹರದಲ್ಲಿ ನನ್ನ ಅಣ್ಣನ ಮಗಳ ನಿಶ್ಚಿತಾರ್ಥ. ಊಟ ಮುಗಿದು ಬೀಗರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹುಡುಗನ ಗೆಳೆಯರು ದೊಡ್ಡದೊಂದು ಟಿವಿ, ಸ್ಪೀಕರು, ಮೈಕು ಎಲ್ಲ ತಂದು ಕಲ್ಯಾಣ ಮಂಟಪದ ವೇದಿಕೆಯ ಪಕ್ಕ ಜೋಡಿಸಿದರು. ಕರೋಕೆ ಅಂದರು. ಹಾಡಿನ ಸಂಗೀತ ಮಾತ್ರ ಯಂತ್ರದಿಂದ ಬರುತ್ತದೆ, ಪದಗಳು ಪರದೆಯ ಮೇಲೆ ಓಡುತ್ತವೆ, ಧ್ವನಿ ಹಾಡುವವರದೇ. ಮೊದಲು ಹುಡುಗರು ಹಾಡಿದರು. ಆಮೇಲೆ ನನ್ನ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಸುಮ್ಮನಿರಲಿಲ್ಲ.

“ನಮ್ಮಕ್ಕ ಹಾಡ್ತಾಳ್ರಿ. ದಿನಾ ಅಡಿಗೆ ಮನೇಲಿ ಕೇಳ್ತೀನಿ ನಾನು” ಎಂದು ಎಲ್ಲರೆದುರು ನನ್ನ ಕೈ ಹಿಡಿದು ಎಬ್ಬಿಸಿಬಿಟ್ಟಳು.

ನಾನು ಮೈಕು ಹಿಡಿದದ್ದು ಹೈಸ್ಕೂಲಿನಲ್ಲಿ, ಆಗಸ್ಟ್ ಹದಿನೈದರ ಪ್ರಾರ್ಥನೆಗೆ. ಆಮೇಲೆ ಹಾಡಿದ್ದೆಲ್ಲ ಒಗ್ಗರಣೆಯ ಸದ್ದಿನ ಜೊತೆಗೇ. ಹಳೆಯದೊಂದು ಸಿನಿಮಾ ಹಾಡು ಆರಿಸಿಕೊಂಡೆ. ಮೊದಲ ಸಾಲು ಶುರು ಮಾಡುವಷ್ಟರಲ್ಲಿ ಸಂಗೀತ ಮುಂದೆ ಹೋಗಿತ್ತು. ಎರಡನೆಯ ಸಾಲಿಗೆ ಓಡಿ ಹೋಗಿ ಹಿಡಿದೆ. ಚರಣಕ್ಕೆ ಬರುವ ಹೊತ್ತಿಗೆ ಎದುರು ಕೂತವರು ಯಾರೂ ನನಗೆ ಕಾಣಿಸುತ್ತಿರಲಿಲ್ಲ. ಹಾಡು ಮುಗಿದಾಗ ಬೀಗರ ಕಡೆಯ ಒಬ್ಬ ಅಜ್ಜಿ ಕೂತಲ್ಲಿಂದಲೇ, “ಇನ್ನೊಂದು ಹಾಡವ್ವ, ಏನು ಗಂಟು ಹೋಗುತ್ತೆ?” ಎಂದರು. ಇನ್ನೊಂದು ಹಾಡಿದೆ. ಮೂರನೆಯದು ನಾನೂ ವಾರಗಿತ್ತಿಯೂ ಸೇರಿ ಹಾಡಿದ ಯುಗಳ ಗೀತೆ. ಗಂಡಿನ ಧ್ವನಿ ಅವಳದು.

ವಾಪಸು ದಾವಣಗೆರೆಯ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ದಾರಿಯ ಬಾತಿ ಹಳ್ಳಿ ದಾಟಿದ ಮೇಲೆ ಅವಳು ಕಿಟಕಿಯಿಂದ ಈ ಕಡೆ ತಿರುಗಿ, “ಅಕ್ಕಾ, ನಮ್ಮ ಮ್ಯಾಲಿನ ಹಾಲ್ ಖಾಲಿ ಬಿದ್ದೈತಲ್ಲ” ಎಂದಳು.

ನಾನೂ ಅದನ್ನೇ ಯೋಚಿಸುತ್ತಿದ್ದೆ.

ದಾವಣಗೆರೆಯ ಹಳೆಯ ಬೀದಿಯೊಂದರಲ್ಲಿ ನಮ್ಮದು ದಿನಸಿ ಅಂಗಡಿ. ರಸ್ತೆಗೆ ಅಂಗಡಿ, ಅದರ ಹಿಂದೆ ಎರಡೂ ಸಂಸಾರ ಇರುವ ಮನೆ, ಅಂಗಡಿಯ ಮೇಲೆ ಒಂದು ಉದ್ದನೆಯ ಹಾಲು. ಮಾವನವರ ಕಾಲದಲ್ಲಿ ಅಲ್ಲಿ ಬೆಲ್ಲ, ಒಣಮೆಣಸಿನಕಾಯಿ ಶೇಖರಿಸುತ್ತಿದ್ದರು. ಆಮೇಲೆ ಒಂದು ಟ್ಯೂಷನ್ ಕ್ಲಾಸಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರು ದೊಡ್ಡ ಕಟ್ಟಡ ಹುಡುಕಿಕೊಂಡು ಹೋದ ಮೇಲೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ನಡುವೆ ಒಬ್ಬ ದಲ್ಲಾಳಿ ಬಂದು, ಬಾರ್ ಅಂಡ್ ರೆಸ್ಟೋರೆಂಟಿಗೆ ಜಾಗ ಹುಡುಕುತ್ತಿದ್ದಾರೆ, ಒಳ್ಳೆಯ ಬಾಡಿಗೆ ಬರುತ್ತದೆ ಎಂದು ನನ್ನ ಯಜಮಾನರ ತಲೆ ತಿಂದಿದ್ದ. “ಮ್ಯಾಲೆ ಬಾಟ್ಲಿ ಸದ್ದು ಕೇಳ್ಕಂತ ಕೆಳಗೆ ಅಕ್ಕಿ ತೂಗೋದು ನನ್ನ ಕೈಲಾಗಲ್ಲಪ್ಪ” ಎಂದು ಇವರು ಅವನನ್ನು ಕಳಿಸಿದ್ದರು.

ಆ ಹಾಲಿನಲ್ಲಿ ಕರೋಕೆ ಇಟ್ಟು ದುಡ್ಡಿಗೆ ಹಾಡಲು ಬಿಡುವ ವಿಷಯ ಹೇಳಿದಾಗ ಇವರು ಮೊದಲು ನಕ್ಕರು. ಆಮೇಲೆ, ನಾವಿಬ್ಬರೂ ನಗದೆ ನಿಂತದ್ದು ನೋಡಿ, ಹಣೆಯ ವಿಭೂತಿ ಒರೆಸಿಹೋಗುವಷ್ಟು ಹಣೆ ಉಜ್ಜಿಕೊಂಡರು.

“ದುಡ್ಡು ಕೊಟ್ಟು ಹಾಡು ಕೇಳೋರು ಇದಾರೆ. ದುಡ್ಡು ಕೊಟ್ಟು ಹಾಡೋರು ಯಾರಿದಾರೆ?”

“ನಾನು ಕೊಡ್ತಿದ್ದೆ” ಎಂದೆ.

ಇವರು ನನ್ನ ಮುಖ ನೋಡಿದರು. ನಾನು ಹಾಗೆ ಹೇಳಿದವಳಲ್ಲ. ಮದುವೆಯಾಗಿ ಬಂದ ಮೇಲೆ ನನಗಾಗಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. “ಲೈಸೆನ್ಸ್ ಸಿಕ್ರೆ ಮಾಡ್ಕಳ್ರಿ. ನನ್ನ ಮಾತ್ರ ಆಫೀಸು ಗೀಫೀಸು ಅಂತ ಅಲೆದಾಡ್ಸಬ್ಯಾಡ್ರಿ” ಎಂದರು. ನಮಗೆ ಅಷ್ಟು ಸಾಕಾಗಿತ್ತು.

ಪಾಲಿಕೆ ಕಚೇರಿಗೆ ನಾವಿಬ್ಬರೇ ಹೋದೆವು. ಯಾವ ವ್ಯಾಪಾರಕ್ಕೂ ಅಲ್ಲಿಂದ ಉದ್ದಿಮೆ ಪರವಾನಗಿ ಬೇಕು. ನಮ್ಮ ದಿನಸಿ ಅಂಗಡಿಯದು ಗೋಡೆಯ ಮೇಲೆ ಫ್ರೇಮು ಹಾಕಿಸಿಕೊಂಡು ಕೂತಿದ್ದರಿಂದ ಅಷ್ಟು ತಿಳಿದಿತ್ತು. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಚುರುಕಾಗಿದ್ದಳು.

“ಯಾವ ಉದ್ದಿಮೆ ಮೇಡಂ?”

“ಕರೋಕೆ.”

“ಅಂದ್ರೆ ಆರ್ಕೆಸ್ಟ್ರಾನಾ?”

“ಅಲ್ಲಮ್ಮ” ಎಂದಳು ವಾರಗಿತ್ತಿ. “ಆರ್ಕೆಸ್ಟ್ರಾದಲ್ಲಿ ಅವರು ಹಾಡ್ತಾರೆ, ಜನ ಕೇಳ್ತಾರೆ. ನಮ್ಮಲ್ಲಿ ಜನಾನೇ ಹಾಡ್ತಾರೆ.”

“ಮತ್ತೆ ಕೇಳೋರ್ಯಾರು?”

“ತಮ್ಮ ಪಾಳಿ ಬರೋ ತನಕ ಉಳಿದೋರು ಕೇಳ್ತಾರೆ.”

ಹುಡುಗಿ ಒಂದು ಗಳಿಗೆ ಯೋಚಿಸಿ, ಅದು ನ್ಯಾಯವೇ ಅನ್ನುವಂತೆ ತಲೆಯಾಡಿಸಿದಳು. “ಬಾರ್ ಇರುತ್ತಾ?” ಇಲ್ಲ ಅಂದೆವು. “ಡಾನ್ಸು?” ಇಲ್ಲ. “ಊಟ, ತಿಂಡಿ?” ಕುಡಿಯುವ ನೀರು ಅಂದೆವು. ಅವಳು ಪರದೆಯ ಮೇಲೆ ಹುಡುಕುತ್ತಾ ಹೋದಳು. ಖಾನಾವಳಿ, ಬೇಕರಿ, ಹಿಟ್ಟಿನ ಗಿರಣಿ, ಕಲ್ಯಾಣ ಮಂಟಪ, ಚಿತ್ರಮಂದಿರ, ಬ್ಯೂಟಿ ಪಾರ್ಲರು. ಪಕ್ಕದ ಮೇಜಿನವರನ್ನು ಕರೆದಳು. ಅವರು ಬಂದು, ಸಂಗೀತ ಪಾಠಶಾಲೆ ಅಂತ ಹಾಕು ಅಂದರು. ನಾವು ಪಾಠ ಹೇಳುವುದಿಲ್ಲವಲ್ಲ ಅಂದೆ. ವಿಡಿಯೋ ಗೇಮಿನ ಕೆಳಗೆ ಹಾಕು ಅಂದರು. ವಾರಗಿತ್ತಿಯ ಮುಖ ನೋಡಿ ಅದನ್ನೂ ಬಿಟ್ಟರು.

“ನಿಮ್ದು ಯಾವುದ್ರಲ್ಲೂ ಕೂಡ್ರಲ್ಲ ಮೇಡಂ” ಎಂದಳು ಹುಡುಗಿ ಕೊನೆಗೆ, ಸ್ವಲ್ಪ ಬೇಜಾರಿನಿಂದಲೇ. “ಇತರೆ ಅಂತ ಹಾಕ್ತೀನಿ. ಆದ್ರೆ ಇತರೆ ಅಂದ್ರೆ ಹೆಲ್ತ್ ಇನ್‌ಸ್ಪೆಕ್ಟರ್ ಮೇಡಂ ಬಂದು ಜಾಗ ನೋಡ್ಬೇಕು. ಪೊಲೀಸ್ ಠಾಣೆಯಿಂದ ಅಡ್ಡಿ ಇಲ್ಲ ಅಂತ ಬರ್ಬೇಕು.”

ಠಾಣೆಗೆ ಹೋಗುವಾಗ ನಾನು ವಾರಗಿತ್ತಿಯ ಹಿಂದೆಯೇ ನಡೆದೆ. ನಮ್ಮ ಮನೆಯ ಹೆಂಗಸರು ಯಾರೂ ಆ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿನ ಸಾಹೇಬರು ನಮ್ಮನ್ನು ಕೂರಿಸಿ ಕೇಳಿದರು.

“ಮ್ಯಾಲೆ ಹಾಡು. ಕೆಳಗೆ ಏನೈತೆ?”

“ಅಕ್ಕಿ, ಬ್ಯಾಳೆ.”

“ಕುಡಿದು ಬಂದ್ರೆ ಏನ್ಮಾಡ್ತೀರಿ?”

“ಒಳಗೆ ಬಿಡಲ್ಲ.”

“ಕುಡ್ದಾರೆ ಅಂತ ಹೆಂಗೆ ಗೊತ್ತಾಗುತ್ತೆ?”

“ಸಾಹೇಬ್ರೆ, ಮೈಕ್ ಹಿಡ್ಕಂಡ್ರೆ ಎಲ್ಲಾ ಗೊತ್ತಾಗುತ್ತೆ” ಎಂದಳು ವಾರಗಿತ್ತಿ.

ಸಾಹೇಬರು ನಕ್ಕುಬಿಟ್ಟರು. ಹೊರಗೆ ನಿಂತಿದ್ದ ಪೇದೆಯೂ ನಕ್ಕ. ರಾತ್ರಿ ಒಂಬತ್ತಕ್ಕೆ ಮುಚ್ಚಬೇಕು, ಕುಡಿತ ಇರಕೂಡದು, ಸದ್ದು ಹೊರಗೆ ಬರಕೂಡದು ಎಂದು ಹೇಳಿ, ಒಂದು ದಿನ ಒಬ್ಬರನ್ನು ಕಳಿಸಿ ಜಾಗ ನೋಡಿಸಿ, ಅಡ್ಡಿ ಇಲ್ಲ ಅಂತ ಬರೆದುಕೊಟ್ಟರು. ಮೊದಲ ದಿನ ಠಾಣೆಯಿಂದ ಹಿಂದಿರುಗುವಾಗ ನಾನೇ ಮುಂದೆ ನಡೆದೆ. ರಸ್ತೆ ಬದಿಯಲ್ಲಿ ನಿಂತು ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದೆವು. ರಸ್ತೆಯಲ್ಲಿ ನಿಂತು ತಿಂದದ್ದೂ ಬಹಳ ವರ್ಷಗಳ ಮೇಲೆ.

ಹೆಲ್ತ್ ಇನ್‌ಸ್ಪೆಕ್ಟರ್ ಮೇಡಂ ಬಂದಾಗ ಸಮಸ್ಯೆ ಶುರುವಾಯಿತು. ನಡುವಯಸ್ಸಿನ, ಮಾತು ಕಡಿಮೆಯ ಹೆಂಗಸು. ಹಾಲಿನ ವೈರಿಂಗ್ ಹಳೆಯದು, ಬದಲಿಸಿ ಎಂದರು. ಬೆಂಕಿ ಆರಿಸುವ ಸಿಲಿಂಡರು ಬೇಕು, ಹೆಂಗಸರಿಗೆ ಬೇರೆ ಶೌಚಾಲಯ ಬೇಕು, ಒಳಮನೆಯ ಕಡೆಗೆ ಇಳಿಯುವ ಕಬ್ಬಿಣದ ಏಣಿಯ ಬಾಗಿಲಿಗೆ ಎಂದೂ ಬೀಗ ಹಾಕಕೂಡದು ಎಂದರು. ಎಲ್ಲದಕ್ಕೂ ಹೂಂ ಅಂದೆವು. ಕೊನೆಗೆ, ಹೊರಡುವ ಮೊದಲು, ಕಿಟಕಿಯಿಂದ ನಮ್ಮ ಮನೆಯ ಆಚೆಗಿನ ಮನೆಯ ಕಡೆ ನೋಡಿ ಹೇಳಿದರು.

“ಆ ಮನೆ ಹೆಡ್‌ಮೇಡಂ ಆಫೀಸಿಗೆ ಬಂದಿದ್ರು. ನಿಮ್ಮ ಹಾಲ್‌ಗೆ ಏನೂ ಲೈಸೆನ್ಸ್ ಕೊಡಬ್ಯಾಡ್ರಿ ಅಂತ ಹೇಳಿ ಹೋದ್ರು. ಬಹಳ ಸಿಟ್ಟಲ್ಲಿದ್ರು. ಅವರನ್ನೂ ನಿಮ್ಮನ್ನೂ ಕೂಡ್ರಿಸಿ ಮಾತಾಡಿಸದೆ ನಾನು ಮುಂದೆ ಹೋಗಕಾಗಲ್ಲ.”

ನಮ್ಮ ಕಟ್ಟಡದ ಪಕ್ಕದಲ್ಲಿ ಒಂದು ಸಣ್ಣ ಓಣಿ. ಮೇಲಿನ ಹಾಲಿಗೆ ಹತ್ತುವ ಮೆಟ್ಟಿಲು ಆ ಓಣಿಯಿಂದ. ಓಣಿಯ ಕೊನೆಗೆ ಹೆಡ್‌ಮೇಡಂ ಮನೆಯ ಗೇಟು. ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ನಮ್ಮ ಬೀದಿಯ ಅರ್ಧ ಗಂಡಸರು ಅವರ ಕೈಯಲ್ಲಿ ಮಗ್ಗಿ ಕಲಿತವರು, ನಮ್ಮ ಯಜಮಾನರೂ ಸೇರಿ. ತಲೆ ನರೆತ ಮೇಲೂ ಇವರು, ಮೇಡಂ ರಸ್ತೆಯಲ್ಲಿ ಬಂದರೆ ಗಲ್ಲಾದಿಂದ ಎದ್ದು ನಿಲ್ಲುತ್ತಾರೆ.

“ನೀವೇ ಒಂದು ಮಾತು ಕೇಳ್ರಿ, ಯಾಕಂತ” ಎಂದೆ ರಾತ್ರಿ ಊಟಕ್ಕೆ ಬಡಿಸುತ್ತಾ.

“ನಾನಾ? ಬ್ಯಾಡಪ್ಪಾ ಬ್ಯಾಡ” ಎಂದರು. ತಟ್ಟೆಯಿಂದ ಮುಖವನ್ನೇ ಎತ್ತಲಿಲ್ಲ.

ಕೇಳಲು ನನಗೂ ಧೈರ್ಯ ಬರಲಿಲ್ಲ. ಕೇಳುವುದಾದರೂ ಏನು, ಸದ್ದಿನ ಕಾರಣಕ್ಕೇ ಬೇಡ ಅಂದಿದ್ದಾರೆ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡೆವು. ವಯಸ್ಸಾದ ದಂಪತಿ, ಬೇಗ ಮಲಗುವವರು. ಹಾಗಾದರೆ ಸದ್ದೇ ಅವರ ಮನೆಗೆ ಹೋಗದಂತೆ ಮಾಡಿಬಿಡೋಣ.

ಸ್ಟುಡಿಯೋಗಳಲ್ಲಿ ಗೋಡೆಗೆ ಫೋಮು ಅಂಟಿಸುತ್ತಾರೆ ಎಂದು ವಾರಗಿತ್ತಿ ಫೋನಿನಲ್ಲಿ ನೋಡಿದಳು. ಅದರ ಬೆಲೆ ಕೇಳಿ ಫೋನು ಕೆಳಗಿಟ್ಟಳು. ಆಮೇಲೆ ಎದುರು ಸಾಲಿನಲ್ಲಿ ಗಾದಿ ಹೊಲಿಯುವ ಚಾಚಾನನ್ನು ಕರೆದುಕೊಂಡು ಬಂದಳು. ಚಾಚಾನ ತಂದೆ ಹತ್ತಿ ಹಿಂಜುತ್ತಿದ್ದರಂತೆ; ಊರಲ್ಲಿ ಹತ್ತಿ ಗಿರಣಿಗಳಿದ್ದ ಕಾಲದಿಂದಲೂ ಅವರದು ಅದೇ ಕೆಲಸ. ಈಗ ಎಲ್ಲರೂ ಅಂಗಡಿಯ ರೆಡಿಮೇಡ್ ಹಾಸಿಗೆ ತರುತ್ತಾರೆ. ಮದುವೆ ಕಾಲದಲ್ಲಿ ಮಾತ್ರ ಚಾಚಾನಿಗೆ ಕೈತುಂಬ ಕೆಲಸ.

ಚಾಚಾ ಹಾಲಿನ ನಡುವೆ ನಿಂತು ಸುತ್ತ ನೋಡಿದರು. ವಾರಗಿತ್ತಿ ಗೋಡೆಗೆ ಗಾದಿ ಹೊಡೆಯಬೇಕು ಎಂದಾಗ ಅವರಿಗೆ ಅರ್ಥವಾಗಲಿಲ್ಲ.

“ಗ್ವಾಡಿಗಾ?”

“ಹೂಂ ಚಾಚಾ, ನಾಕೂ ಗ್ವಾಡಿಗೆ.”

“ಅಕ್ಕಾರೆ, ಇಷ್ಟು ವರ್ಷ ಜನ ಮಲಗಾಕೆ ಗಾದಿ ಮಾಡೀನಿ. ಗ್ವಾಡಿ ಮಲಗೋದು ಇದೇ ಪೈಲಾ ಸಲ” ಎಂದರು. ಆದರೆ ಅಳತೆ ಟೇಪನ್ನು ಆಗಲೇ ಜೇಬಿನಿಂದ ತೆಗೆದಿದ್ದರು.

ಬಟ್ಟೆಯ ಬಣ್ಣದ ಮೇಲೆ ಮನೆಯಲ್ಲಿ ಚರ್ಚೆಯಾಯಿತು. ಮೈದುನ ಕೇಸರಿ ಚೆನ್ನಾಗಿರುತ್ತದೆ ಎಂದ. ಹಾಗಾದರೆ ಚಾಚಾ ಏನು ಅಂದುಕೊಳ್ಳುತ್ತಾರೆ ಎಂದಳು ಅವನ ಹೆಂಡತಿ. ಹಸಿರು ಹಾಕಿದರೆ ಇನ್ಯಾರೋ ಇನ್ನೇನೋ ಅಂತಾರೆ. ನೀಲಿಗೂ ಒಂದು ಅರ್ಥ, ಹಳದಿ ಕೆಂಪಿಗೂ ಒಂದು ಅರ್ಥ. ಚಾಚಾ ಇದನ್ನೆಲ್ಲ ಕೇಳುತ್ತಾ ಚಹಾ ಕುಡಿದು ಮುಗಿಸಿ, “ಗಾದಿ ಬಟ್ಟೆ ಪಟ್ಟಿಪಟ್ಟಿದು ಐತಲ್ಲಕ್ಕಾರೆ, ಅದ್ನೇ ಹಾಕ್ತೀನಿ. ಅದ್ಕೆ ಯಾರ ತಕರಾರೂ ಇಲ್ಲ” ಎಂದರು. ಅದೇ ಸರಿಯಾಯಿತು.

ಆ ಕೆಲಸ ನಡೆದ ದಿನಗಳು ನನಗೆ ಈಗಲೂ ಇಷ್ಟ. ಚಾಚಾ ಮತ್ತು ಅವರ ಹೆಂಡತಿ ಬೆಳಗ್ಗೆ ಬಂದರೆ ಸಂಜೆಯವರೆಗೆ ಹಾಲಿನ ನೆಲದ ಮೇಲೆ ಹತ್ತಿ ಹರಡಿಕೊಂಡು ಕೂರುತ್ತಿದ್ದರು. ನಾನೂ ಅಡಿಗೆ ಮುಗಿಸಿ ಹೋಗಿ ದಬ್ಬಣ ಹಿಡಿದೆ. ಚಾಚಾನ ಮನೆಯವರು ನನಗೆ ದೊಡ್ಡ ಹೊಲಿಗೆ ಕಲಿಸಿದರು. ನಾನು ತೊಗರಿಬೇಳೆ ಹೋಳಿಗೆ ಮಾಡಿ ಕೊಟ್ಟೆ. ಮಾತಿನ ನಡುವೆ ಅವರು ಉರ್ದುವಿನಲ್ಲಿ ಹಳೆಯ ಮದುವೆ ಹಾಡೊಂದನ್ನು ಗುನುಗುತ್ತಿದ್ದರು. ಮೈಕಿನಲ್ಲಿ ಹಾಡಿರಿ ಅಂದರೆ ನಾಲಿಗೆ ಕಚ್ಚಿಕೊಂಡು, “ಅಯ್ಯೋ, ಬ್ಯಾಡ್ರಿ” ಅನ್ನುತ್ತಿದ್ದರು. ಮೂಗು, ಕೂದಲು, ಸೀರೆ ಎಲ್ಲದರ ಮೇಲೂ ಹತ್ತಿ. ಕೆಳಗೆ ಇಳಿದು ಬಂದರೆ ಗಿರಾಕಿಗಳು, ಏನಕ್ಕಾ ಹಿಟ್ಟಿನ ಗಿರಣಿ ಇಟ್ಟೀರಾ ಅನ್ನುತ್ತಿದ್ದರು.

ನಾಲ್ಕೂ ಗೋಡೆಗೆ ಗಾದಿ ಹತ್ತಿದ ಮೇಲೆ ಪರೀಕ್ಷೆ. ಯಜಮಾನರನ್ನು ಓಣಿಯಲ್ಲಿ ಹೆಡ್‌ಮೇಡಂ ಗೇಟಿನಿಂದ ಸ್ವಲ್ಪ ಈಚೆಗೆ ನಿಲ್ಲಿಸಿದೆವು. ಮೇಲೆ ಬಾಗಿಲು ಕಿಟಕಿ ಹಾಕಿ, ಸ್ಪೀಕರು ಹಚ್ಚಿ, ವಾರಗಿತ್ತಿ ಗಂಟಲು ಹರಿಯುವಂತೆ ಹಾಡಿದಳು. ಹಾಡಿನ ಕೊನೆಗೆ ಇವರ ಫೋನು ಬಂತು.

“ನಿಂತು ನಿಂತು ಕಾಲು ನೋಯಾಕ್ಹತ್ತಾವೆ. ಶುರು ಮಾಡ್ರಿ ಬೇಗ.”

“ಹಾಡಿ ಮುಗೀತ್ರೀ!” ಎಂದು ನಾನು ಕೂಗಿದೆ. ಚಾಚಾ ಗಡ್ಡ ನೀವಿಕೊಂಡು, ಒಂದು ಗಾದಿಯ ಮೇಲೆ ಅಂಗೈ ಇಟ್ಟು ನಿಂತರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೂತು ಮಾತಾಡುವ ದಿನ ಇನ್‌ಸ್ಪೆಕ್ಟರ್ ಮೇಡಂ ಕಚೇರಿಗೆ ಯಜಮಾನರನ್ನೂ ಕರೆತಂದೆವು. ಕಟ್ಟಡದ ಯಜಮಾನರು ಬರಲೇಬೇಕು ಅಂದಿದ್ದರು, ತಪ್ಪಿಸಿಕೊಳ್ಳುವಂತಿರಲಿಲ್ಲ. ಹೆಡ್‌ಮೇಡಂ ಆಗಲೇ ಬಂದು ಕೂತಿದ್ದರು. ಇಸ್ತ್ರಿಯ ಕಾಟನ್ ಸೀರೆ, ತೊಡೆಯ ಮೇಲೆ ಕೊಡೆ. ಇವರು ಬಾಗಿಲಲ್ಲೇ ನಿಂತುಬಿಟ್ಟರು.

“ಕೂಡ್ರೋ” ಎಂದರು ಹೆಡ್‌ಮೇಡಂ. ಇವರು ಕೂತರು.

ವಾರಗಿತ್ತಿ ಒಂದೇ ಉಸಿರಿಗೆ ಶುರು ಮಾಡಿದಳು. ಗಾದಿ, ಹತ್ತಿ, ಓಣಿಯಲ್ಲಿ ಮಾಡಿದ ಪರೀಕ್ಷೆ, ಎಲ್ಲ ಹೇಳಿ ಫೋನಿನಲ್ಲಿ ಫೋಟೋ ತೋರಿಸಿದಳು. ಹೆಡ್‌ಮೇಡಂ ಫೋಟೋ ನೋಡಿದರು. ಆಮೇಲೆ ಕಿವಿಯ ಹಿಂದೆ ಕೈ ಹಾಕಿ ಏನನ್ನೋ ತಿರುಗಿಸಿಕೊಂಡರು. ಕಿವಿಯಲ್ಲಿ ಯಂತ್ರವಿತ್ತು. ನಾವು ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ.

“ಜೋರಾಗಿ ಹೇಳಮ್ಮ. ಗಾದಿ ಯಾಕ ಗ್ವಾಡಿಗೆ?”

“ನಿಮಗೆ ಸದ್ದು ಕೇಳಿಸ್ಬಾರ್ದು ಅಂತ ಮೇಡಂ.”

“ನಂಗಾ? ಕತ್ತಲಾದ್ರೆ ಈ ಮಿಷಿನ್ ತೆಗೆದು ಡಬ್ಬಿಗೆ ಹಾಕ್ತೀನಿ. ಆಮೇಲೆ ಗುಡುಗಿದ್ರೂ ಕೇಳಲ್ಲ. ನೀವು ಹಾಡ್ರಿ, ಕುಣೀರಿ, ನಂಗೇನು?”

ವಾರಗಿತ್ತಿಯ ಫೋನು ಹಿಡಿದ ಕೈ ಹಾಗೆಯೇ ಇತ್ತು. “ಮತ್ತೆ ಯಾಕೆ ಬ್ಯಾಡ ಅಂದ್ರಿ ಮೇಡಂ?” ಎಂದು ನಾನೇ ಕೇಳಿದೆ.

ಅವರು ಕೊಡೆಯನ್ನು ಗೋಡೆಗೆ ಒರಗಿಸಿಟ್ಟು ಹೇಳಿದರು. ಟ್ಯೂಷನ್ ಕ್ಲಾಸು ಇದ್ದಾಗ ಹುಡುಗರ ಬೈಕು, ಸ್ಕೂಟರು, ಸೈಕಲ್ಲು ಎಲ್ಲ ಓಣಿಯಲ್ಲೇ ನಿಲ್ಲುತ್ತಿದ್ದವು. ನಮ್ಮ ಅಂಗಡಿ ಮುಚ್ಚಿದ್ದ ಒಂದು ಸಂಜೆ ಅವರ ಯಜಮಾನರಿಗೆ ಎದೆನೋವು ಬಂತು. ಆಟೋ ಕರೆಸಿದರೆ ಓಣಿಯೊಳಗೆ ಬರಲು ಜಾಗವಿಲ್ಲ. ಮೇಲೆ ಹೋಗಿ ಹುಡುಗರನ್ನು ಕೂಗಿ ಗಾಡಿ ತೆಗೆಸುವಷ್ಟು ಹೊತ್ತು ಇಲ್ಲ. ಮೇಡಂ ಮತ್ತು ಆಟೋದವನು ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಬೈಕುಗಳ ನಡುವೆ ತೂರಿಕೊಂಡು, ಕೆಲವನ್ನು ದಬ್ಬಿ ಬೀಳಿಸಿ, ರಸ್ತೆಯವರೆಗೆ ಹೊತ್ತು ತಂದರಂತೆ.

“ದೇವರು ದೊಡ್ಡೋನು, ಉಳಕಂಡ್ರು. ಅವತ್ತೇ ಅನ್ಕಂಡೆ, ಆ ಮೆಟ್ಟಿಲು ಹತ್ತೋ ಯಾವ ಅಂಗಡಿಗೂ ನಾನು ಒಪ್ಪಲ್ಲ ಅಂತ. ಅದು ಹಾಡಾದ್ರೂ ಅಷ್ಟೆ, ಪಾಠ ಆದ್ರೂ ಅಷ್ಟೆ.”

ಮೇಡಂ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನಾವು ಹಣ್ಣು ತೆಗೆದುಕೊಂಡು ನೋಡಲು ಹೋಗಿದ್ದೆವು. ಹೇಗೆ ಆಸ್ಪತ್ರೆ ತಲುಪಿದರು ಎಂದು ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಮ್ಮ ಯಜಮಾನರ ಮುಖ ನೋಡಿದೆ. ಇವರು ಎದ್ದು ನಿಂತಿದ್ದರು, ತರಗತಿಯಲ್ಲಿ ನಿಲ್ಲುವ ಹಾಗೆ.

“ಮೇಡಂ, ಇನ್ನು ಆ ಓಣಿಯಾಗೆ ಒಂದು ಸೈಕಲ್ಲೂ ನಿಲ್ಲಲ್ಲ. ಅದು ನನ್ನ ಜವಾಬ್ದಾರಿ.”

“ಎಲ್ಲಿ ನಿಲ್ಲಿಸ್ತೀಯ ಗಾಡಿ?”

“ಅಂಗಡಿ ಮುಂದೆ.”

“ಅಲ್ಲಿ ನಿನ್ನ ಚೀಲ ಇರ್ತಾವಲ್ಲ?”

ಅಂಗಡಿ ಮುಂದೆ ಚೀಲ ಪೇರಿಸುವುದು ಮಾವನವರ ಕಾಲದಿಂದ ಬಂದದ್ದು. ಸಂಜೆ ಲಗೇಜ್ ಆಟೋ ಬಂದು ಸಾಮಾನು ಇಳಿಸುವುದೂ ಅಲ್ಲೇ. “ಚೀಲ ಒಳಗಿಟ್ಕಂತೀನಿ. ಸಾಮಾನು ಬೆಳಿಗ್ಗೆ ಇಳಿಸ್ಕಂತೀನಿ” ಎಂದರು.

“ಅದು ಮೊದ್ಲೇ ಒಳಗಿರ್ಬೇಕಿತ್ತು ಬಿಡ್ರಿ” ಎಂದು ಇನ್‌ಸ್ಪೆಕ್ಟರ್ ಮೇಡಂ ತಲೆ ಎತ್ತದೆಯೇ ಬರೆದುಕೊಂಡರು.

ಹೆಡ್‌ಮೇಡಂ ಇವರನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಯುಗಾದಿ ತನಕ ನೋಡ್ತೀನಿ. ಮಾತಿಗೆ ತಪ್ಪಿದ್ರೆ ಮತ್ತೆ ಇಲ್ಲಿಗೇ ಬರ್ತೀನಿ” ಎಂದು ಕೊಡೆ ಹಿಡಿದು ಎದ್ದರು.

ಕಚೇರಿಯ ಹೊರಗೆ ಬಂದು ನಿಂತಾಗ ವಾರಗಿತ್ತಿ ಮೆಲ್ಲಗೆ, “ಅಕ್ಕಾ, ಆ ಗಾದಿ…” ಎಂದಳು. ನಗು ಎಲ್ಲಿತ್ತೋ, ಇಬ್ಬರಿಗೂ ಒಟ್ಟಿಗೇ ಬಂತು. ಗೇಟಿನ ಕಂಬ ಹಿಡಿದುಕೊಂಡು ನಕ್ಕೆವು. ಯಜಮಾನರು ಮೊದಲು ಸಿಟ್ಟಾಗಿ, ಆಮೇಲೆ ಅವರೂ ನಗಲು ಶುರು ಮಾಡಿದರು. ಗಾದಿ ದಂಡವಾಗಲಿಲ್ಲ ಬಿಡಿ. ಬೀದಿಯ ಉಳಿದವರ ಕಿವಿ ಚೆನ್ನಾಗಿಯೇ ಇದ್ದವು.

ಪರವಾನಗಿ ಬಂತು. ಉದ್ದಿಮೆಯ ಸ್ವರೂಪ: ಇತರೆ. ಕೆಳಗೆ ಷರತ್ತುಗಳು. ಉದ್ಘಾಟನೆಗೆ ಚಾಚಾ ಬಂದು ಟೇಪು ಕತ್ತರಿಸಬೇಕು ಎಂದು ನಾನು ಹಟ ಹಿಡಿದೆ. ಅವರು ಕತ್ತರಿಯನ್ನು ತಮ್ಮ ಅಂಗಡಿಯಿಂದಲೇ ತಂದರು. ನಮ್ಮ ಮನೆಯ ಕತ್ತರಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಮೊದಲ ವಾರ ಬಂದವರು ನಮ್ಮ ನೆಂಟರೇ. ಆಮೇಲೆ ಔಷಧಿ ಅಂಗಡಿಯವರು ಬಂದರು, ಒಬ್ಬ ನರ್ಸು ಬಂದಳು, ಬ್ಯಾಂಕಿನವರು ಬಂದರು. ಹರಿಹರದಿಂದ ಹೆಂಗಸರ ಒಂದು ಗುಂಪು ಭಾನುವಾರ ರೈಲು ಹತ್ತಿ ಬರತೊಡಗಿತು. ಯುಗಳ ಗೀತೆಗೆ ಜೋಡಿ ಸಿಗದವರಿಗೆ ವಾರಗಿತ್ತಿ ಇದ್ದೇ ಇದ್ದಳು, ಗಂಡು ಧ್ವನಿಯಾದರೂ ಸರಿ, ಹೆಣ್ಣು ಧ್ವನಿಯಾದರೂ ಸರಿ. ಒಮ್ಮೆ ಒಬ್ಬರು ಕುಡಿದು ಬಂದರು. ಅವಳು ಮೆಟ್ಟಿಲ ಮೇಲೇ ನಿಂತು, “ನಾಳೆ ಬರ್ರಿ ಅಣ್ಣಾರೆ. ಹಾಡು ಎಲ್ಲಿಗೂ ಓಡಿ ಹೋಗಲ್ಲ” ಎಂದು ಕಳಿಸಿದಳು. ಮಾರನೆಯ ದಿನ ಅವರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದು ಒಂದು ವಚನ ಹಾಡಿ ಹೋದರು.

ಎಲ್ಲರಿಗಿಂತ ಬದಲಾದವರು ಯಜಮಾನರು. ಸಂಜೆಯಾದರೆ ಗಲ್ಲಾದ ಮೇಲೆ ಮೈದುನನನ್ನು ಕೂರಿಸಿ, ತಾವು ಅಂಗಡಿ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಕೊರಳಲ್ಲಿ ಸೀಟಿ. ಯಾವ ಸ್ಕೂಟರು ಎಲ್ಲಿ, ಯಾವ ಕಾರು ಎಲ್ಲಿ, ಎಲ್ಲ ಅವರ ಅಪ್ಪಣೆ. ಓಣಿಯ ಕಡೆ ಚಕ್ರ ತಿರುಗಿದರೆ ಸೀಟಿ. ಒಂದು ಸಂಜೆ ಖಾಲಿ ಆಟೋವೊಂದು ಓಣಿಯೊಳಗೆ ಹೋಗಿ, ಹೆಡ್‌ಮೇಡಂ ಗೇಟಿನ ಮುಂದೆ ನಿಂತು, ಮೇಡಂ ಅದರಲ್ಲಿ ಕೂತು ರಸ್ತೆಯವರೆಗೆ ಬಂದು, ಮತ್ತೆ ಹಾಗೆಯೇ ಹಿಂದಕ್ಕೆ ಹೋಗಿ ಇಳಿದರಂತೆ. ಎಲ್ಲಿಗೂ ಹೋಗಲಿಲ್ಲ. ಆಟೋದವನಿಗೆ ದುಡ್ಡು ಕೊಟ್ಟು ಕಳಿಸಿದರು. ಯುಗಾದಿ ದಿನ ಬೇವು ಬೆಲ್ಲ ಕೊಡಲು ಬಂದವರು ಇವರಿಗೆ, “ಪಾಸ್ ಮಾಡೀನಿ” ಎಂದಷ್ಟೇ ಹೇಳಿ ಹೋದರು. ಇವರು ಆ ದಿನವೆಲ್ಲ ಬಂದ ಗಿರಾಕಿಗಳಿಗೆಲ್ಲ ಆ ಮಾತು ಹೇಳಿದರು.

ಅದೇ ದಲ್ಲಾಳಿ ಇನ್ನೊಮ್ಮೆ ಬಂದ. ಜನ ಹೇಗೂ ಬರುತ್ತಿದ್ದಾರೆ, ಪಕ್ಕದಲ್ಲಿ ಒಂದು ಸಣ್ಣ ಬಾರು ಸೇರಿಸಿದರೆ ನಿಮ್ಮ ಹಣೆಬರಹವೇ ಬದಲಾಗುತ್ತದೆ ಎಂದ. ಯಜಮಾನರು ಸೀಟಿಯನ್ನು ಬಾಯಿಂದ ತೆಗೆದು, “ನಮ್ಮ ಹಣೆಬರಹ ಚೆನ್ನಾಗೇ ಐತೆ. ನಿಮ್ಮ ಗಾಡಿ ಆ ಕಡೆ ಹಚ್ರಿ” ಎಂದರು.

ನಮ್ಮೂರಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಒಬ್ಬರು ಶನಿವಾರ ಶನಿವಾರ ಬರುತ್ತಾರೆ. ಮೊದಲಿನಿಂದಲೂ ಒಂದೇ ಹಾಡು. ಬಂದು ಕೂರುವುದು, ಪಾಳಿ ಬಂದಾಗ ಆ ಹಾಡು ಹಾಡುವುದು, ನೀರು ಕುಡಿದು ಹೋಗುವುದು. ದಿನವೆಲ್ಲ ಯಂತ್ರದ ಸದ್ದಿನಲ್ಲಿದ್ದು ಬರುವವರಿಗೆ ನಮ್ಮ ಗಾದಿಯ ಕೋಣೆಯ ಮೌನವೇ ಒಂದು ಸುಖವಂತೆ, ಹಾಡು ಆಮೇಲಿನದು. ಬೇರೆ ಹಾಡು ಕಲಿಯಿರಿ ಅಂದರೆ ನಗುತ್ತಾರೆ. ಕಳೆದ ಶನಿವಾರ ಹೆಂಡತಿಯನ್ನು ಕರೆತಂದಿದ್ದರು. ಆಕೆ ಸೆರಗು ಹೊದ್ದು ಹಿಂದಿನ ಕುರ್ಚಿಯಲ್ಲಿ ಕೂತರು. ಗಂಡ ಎದ್ದು ಹಾಡಲು ಶುರು ಮಾಡಿದಾಗ ತಲೆ ತಗ್ಗಿಸಿದರು, ಚರಣಕ್ಕೆ ಬಂದಾಗ ತಲೆ ಎತ್ತಿದರು. ಮುಗಿದ ಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

“ಮನೇಲಿ ಇದೇ ಹಾಡು ಹಾಡಿ ಹಾಡಿ ತಲೆ ತಿಂತಾರೆ ಅಂತ ಬೈತಿದ್ದೆ ಅಕ್ಕಾ. ಇಲ್ಲಿ ಚೆಂದ ಕೇಳುತ್ತೆ.”

“ನೀವೂ ಒಂದು ಹಾಡ್ರಿ” ಎಂದೆ.

“ಮುಂದಿನ ಸಲ ನೋಡಾನ” ಎಂದರು. ಅವರು ಮೆಟ್ಟಿಲು ಇಳಿಯುವಾಗ ಗಂಡ ಮುಂದೆ, ಇವರು ಹಿಂದೆ. ಕೆಳಗೆ ಯಜಮಾನರು ಅವರ ಬೈಕು ಹೊರಗೆ ತೆಗೆಯಲು ಪಕ್ಕದ ಸ್ಕೂಟರನ್ನು ಎಳೆದು ದಾರಿ ಮಾಡಿಕೊಟ್ಟರು. ನಾನು ಯಂತ್ರ ಆರಿಸಿ, ಮೈಕುಗಳನ್ನು ಒರೆಸಿ ಡಬ್ಬಿಗೆ ಹಾಕಿದೆ. ವಾರಗಿತ್ತಿ ಕೆಳಗಿನಿಂದ, “ಅಕ್ಕಾ, ರೊಟ್ಟಿ ಆರ್ತಾವೆ, ಬಾ” ಎಂದು ಕೂಗಿದಳು. ಬಾಗಿಲು ಹಾಕಿಕೊಂಡು ಊಟಕ್ಕೆ ಇಳಿದೆ.